ವೈಡ್ ಕ್ಯಾರೆಕ್ಟರ್ ಮತ್ತು ಕನ್ನಡದ ಅಕ್ಷರ

ಪದಸೂಚಿ, ಅಕ್ಷರಗಣನೆ, ಛಂದೋವಿಶ್ಲೇಷಣೆ ಮೊದಲಾದ ಕಾರ್ಯಗಳಿಗೆ ಗಣಕಯಂತ್ರವನ್ನು ಬಳಸುವಾಗ, ಯಂತ್ರವು ಪಠ್ಯವನ್ನು ಹೇಗೆ ಓದಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ತಂತ್ರಜ್ಞರಿಗೆ ಬಿಟ್ಟುಕೊಡುವುದು ಕನ್ನಡ ವಿದ್ವತ್ ವಲಯದಲ್ಲಿ ರೂಢಿಯಾಗಿದೆ. ಈ ರೂಢಿ ಸಾಧುವಾದುದಲ್ಲ. ಟರ್ಮಿನಲ್ ಕಿಟಕಿಯಲ್ಲಿ ಬೆರಳಚ್ಚಿಸಿದ ಒಂದೇ ಒಂದು ಪದವನ್ನು ಸಿ ಭಾಷೆಯ ಕ್ರಮವಿಧಿಯು ಸ್ವೀಕರಿಸುವ ಬಗೆಯನ್ನು ಪರಿಶೀಲಿಸಿದರೂ ಇದು ಮೂಲತಃ ವ್ಯಾಕರಣದ ಪ್ರಶ್ನೆಯೆಂಬುದು ವಿದಿತವಾಗುತ್ತದೆ.

'ಸ್ತ್ರೀ' ಎಂಬ ಪದವನ್ನು ಗಮನಿಸಬಹುದು. ಯೂನಿಕೋಡಿನಲ್ಲಿ ಇದು ಮೂರು ವ್ಯಂಜನ, ಎರಡು ಹಲಂತ ಚಿಹ್ನೆ, ಒಂದು ಈಕಾರ, ಹೀಗೆ 6 ಸಂಕೇತಗಳ ಸಮೂಹ. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು ಬೇಕಾಗುವುದರಿಂದ, ಸಿ ಭಾಷೆಯ ಹಳೆಯ 'ಚಾರ್' ಮಾದರಿಯು ಈ ಪದದ ಉದ್ದವನ್ನು 18 ಎಂದು ಎಣಿಸುತ್ತದೆ. ಸಿ ಭಾಷೆಯ ಮಾನಕಕ್ಕೆ 1995ರಲ್ಲಿ ಬಂದ ತಿದ್ದುಪಡಿಯು ವೈಡ್ ಕ್ಯಾರೆಕ್ಟರುಗಳನ್ನು ಓದುವ, ಬರೆಯುವ ಕಾರ್ಯಗಳನ್ನು ಸೇರಿಸಿತು. ಕ್ರಮವಿಧಿಯು ಮೊದಲು 'ಸೆಟ್‌ಲೊಕೇಲ್' ಮೂಲಕ ಬಳಕೆದಾರನ ಭಾಷಾಪರಿಸರವನ್ನು ಸ್ವೀಕರಿಸಿ, ಬಳಿಕ 'ಎಫ್‌ಗೆಟ್‌ಡಬ್ಲ್ಯುಎಸ್' ಮೂಲಕ ಸಾಲನ್ನು ಓದಿದರೆ ಲಿನಕ್ಸ್ ಟರ್ಮಿನಲ್‌ನಲ್ಲಿ ದೊರೆಯುವ ಎಣಿಕೆ 6. ಮೊದಲ ಹೆಜ್ಜೆಯನ್ನು ಮರೆತರೆ ಕ್ರಮವಿಧಿಯು 'ಸಿ' ಎಂಬ ಮೂಲ ಲೊಕೇಲ್‌ನಲ್ಲಿಯೇ ಉಳಿದು ಕನ್ನಡವನ್ನು ಸರಿಯಾಗಿ ಓದಲಾರದು.

ಇಷ್ಟರಿಂದ ಸಮಸ್ಯೆ ಬಗೆಹರಿಯಿತೆಂದು ಭಾವಿಸುವುದು ಭ್ರಮೆ. ಕನ್ನಡ ಓದುಗನಿಗೆ 'ಸ್ತ್ರೀ' ಎಂಬುದು 18ಲ್ಲ, 6ಲ್ಲ, ಒಂದೇ ಅಕ್ಷರ. ವೈಡ್ ಕ್ಯಾರೆಕ್ಟರ್ ಎಂಬುದು ಸಂಕೇತವೇ ಹೊರತು ಅಕ್ಷರವಲ್ಲ. ಓದುವ ಸ್ಥಳಾವಕಾಶ ಮುಗಿದರೆ ಸಾಲು ಒತ್ತಕ್ಷರದ ನಡುವೆಯೇ ತುಂಡಾಗಬಹುದು. ಸಂಕೇತಗಳನ್ನೇ ಅಕ್ಷರಗಳೆಂದು ಎಣಿಸುವ ಕ್ರಮವಿಧಿಗೆ ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬ ಛಂದಸ್ಸಿನ ಪ್ರಾಥಮಿಕ ನಿಯಮವೂ ದಕ್ಕುವುದಿಲ್ಲ.

ಯೂನಿಕೋಡಿನ ಪಠ್ಯವಿಭಜನೆಯ ನಿಯಮಗಳನ್ನು ಅನುಸರಿಸುವ ಸಿದ್ಧ ತಂತ್ರಾಂಶಗಳಿರುವಾಗ ಈ ಚಿಂತೆ ಏಕೆ ಎಂಬ ಆಕ್ಷೇಪ ಬರಬಹುದು. ಆದರೆ 2023ರ 15.1ನೆಯ ಆವೃತ್ತಿಯು ಒತ್ತಕ್ಷರಗಳನ್ನು ಒಡೆಯದೆ ಉಳಿಸುವ ನಿಯಮವನ್ನು ತಂದಾಗ, ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಆ ಆವೃತ್ತಿಯ ಪ್ರಕಾರ 'ಸ್ತ್ರೀ' ಮೂರು ಘಟಕಗಳಾಗಿ ಒಡೆಯುತ್ತದೆ. ಸಿದ್ಧ ತಂತ್ರಾಂಶವು ನಿಯಮವನ್ನು ಪಾಲಿಸಬಲ್ಲದು. ನಿಯಮದಲ್ಲಿಯೇ ಇಲ್ಲದುದನ್ನು ಪೂರೈಸಲಾರದು.

ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದ ಆರಂಭದಲ್ಲಿಯೇ ಅಕ್ಷರವಿಚಾರವನ್ನು ಕೈಗೆತ್ತಿಕೊಂಡನು. ಆ ಪರಂಪರೆಯ ವಾರಸುದಾರರಾದ ಕನ್ನಡ ವಿಭಾಗಗಳು ಅಕ್ಷರ, ಒತ್ತಕ್ಷರ, ಅರ್ಕಾವತ್ತುಗಳ ಗಡಿಗಳನ್ನು ಯಂತ್ರಕ್ಕೆ ಅರ್ಥವಾಗುವಷ್ಟು ಖಚಿತವಾಗಿ ನಿರೂಪಿಸಿ ಮಾನಕ ರೂಪಿಸುವವರ ಮುಂದಿಡಬೇಕಾಗಿದೆ. ಬೈಟನ್ನು ಸಂಕೇತವಾಗಿಸುವ ಕೆಲಸವನ್ನು ಸಿ ಭಾಷೆ ಮಾಡಿಕೊಟ್ಟಿದೆ. ಸಂಕೇತವು ಎಲ್ಲಿ ಅಕ್ಷರವಾಗುತ್ತದೆ ಎಂಬುದನ್ನು ಹೇಳಬೇಕಾದವರು ಕನ್ನಡ ಬಲ್ಲವರೇ.