ಇಸಿಜಿ ಸರಿಯಿದೆ, ಅಜ್ಜಿ ಸರಿಯಿಲ್ಲ

ಹಾವೇರಿ ಕಡೆಯ ಅಜ್ಜಿಯೊಬ್ಬರು ಬೆಳಗಿನ ರೌಂಡ್ಸ್‌ನಲ್ಲಿ "ಎದಿ ಭಾರ ಆಗೇತ್ರಿ ಸಾಹೇಬ್ರ, ನಿದ್ದಿನೂ ಇಲ್ಲ" ಎಂದರೆ ನನ್ನ ವಿದ್ಯಾರ್ಥಿಗಳು ಮೊದಲು ಓಡುವುದು ಇಸಿಜಿಗೆ. ಓಡಲೇಬೇಕು. ಅದು ಸರಿಯಿದೆ ಎಂದಕೂಡಲೇ ಪಕ್ಕದ ಹಾಸಿಗೆಗೆ ದಾಟುತ್ತಾರಲ್ಲ, ನನ್ನ ತಕರಾರು ಅದಕ್ಕೆ. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದುದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಸ್ಟೂಲ್ ಎಳೆದು ಕೂತು "ಯವ್ವಾ, ಮನ್ಯಾಗ ಯಾರ್ಯಾರು ಅದಾರ?" ಎಂದು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮಗ ಹೋದದ್ದು, ಬಾಕಿ ಉಳಿದ ಸಾಲ, ಎಲ್ಲ ಹೊರಗೆ ಬರುತ್ತದೆ.

ಹೀಗೆ ಕೂತು ಕೇಳುವುದು ಹುಟ್ಟುಗುಣ, ಕಲಿಸಿ ಬರುವಂಥದ್ದಲ್ಲ ಎನ್ನುವ ಹಿರಿಯ ವೈದ್ಯರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ಟೆತಸ್ಕೋಪ್ ಹಿಡಿಯುವುದೂ ಹುಟ್ಟುಗುಣವೇನಲ್ಲ. ಕೆಟ್ಟ ಸುದ್ದಿ ತಿಳಿಸಲು 'ಸ್ಪೈಕ್ಸ್' ಎಂಬ ಆರು ಹಂತಗಳ ಕ್ರಮ 2000ದಲ್ಲೇ ಪ್ರಕಟವಾಯಿತು. ರೋಗಿಯ ಭಾವನೆಗೆ ಸ್ಪಂದಿಸುವುದೇ ಅದರಲ್ಲೊಂದು ಹಂತ. ನಮ್ಮ ಎಂಬಿಬಿಎಸ್‌ಗೆ 2019ರಲ್ಲಿ ಬಂದ ಪಠ್ಯಕ್ರಮದಲ್ಲೂ ನಡವಳಿಕೆ, ನೈತಿಕತೆ, ಸಂವಹನದ 'ಏಟ್‌ಕಾಮ್' ಪಾಠಗಳಿವೆ. ಆದರೆ ನಾನು ಕಂಡಂತೆ ಅವು ಲೆಕ್ಚರ್ ಹಾಲಿನ ಸ್ಲೈಡುಗಳಲ್ಲೇ ಮುಗಿದುಹೋಗುತ್ತವೆ.

ಅವನ್ನು ವಾರ್ಡಿಗೆ ತನ್ನಿ. ಲಿವರ್ ಪಕ್ಕೆಲುಬಿನಿಂದ ಎಷ್ಟು ಬೆರಳು ಕೆಳಗೆ ಸಿಗುತ್ತದೆ ಎಂದು ಹೇಳಿದ್ದಕ್ಕೆ ಅಂಕ ಕೊಡುವ ಪರೀಕ್ಷಕರು, ಅದೇ ರೋಗಿಯ ಕಣ್ಣು ತುಂಬಿದಾಗ ವಿದ್ಯಾರ್ಥಿ ಏನು ಮಾಡಿದ ಎಂಬುದಕ್ಕೂ ಅಂಕ ಕೊಡಲಿ.