ಮಳೆ ಸುರಿಯಿತೋ, ಸುರಿಯುತ್ತಿತ್ತೋ?

ಕಳೆದುಹೋದ ಮಳೆಯನ್ನು ವರ್ಣಿಸಲು ಸ್ಪಾನಿಷ್ ಭಾಷೆಯಲ್ಲಿ ಮುಖ್ಯವಾಗಿ ಎರಡು ಭೂತಕಾಲಗಳುಂಟು. ‘ಯೋವಿಯೋ’ ಎಂದರೆ ಮಳೆ ಸುರಿಯಿತು, ಸುರಿದು ಮುಗಿಯಿತು. ‘ಯೋವೀಯಾ’ ಎಂದರೆ ಮಳೆ ಸುರಿಯುತ್ತಿತ್ತು. ಅದು ಯಾವಾಗ ನಿಂತಿತೆಂಬ ಮಾತು ಅಲ್ಲಿಲ್ಲ. ಮೊದಲನೆಯದು ಘಟನೆ, ಎರಡನೆಯದು ಘಟನೆಯ ಹಿಂದೆ ಹಾಸಿದ ಹಿನ್ನೆಲೆ.

ಇಷ್ಟರಮಟ್ಟಿಗೆ ಕನ್ನಡಿಗನಿಗೆ ತೊಡಕಿಲ್ಲ. ಅವನ ನುಡಿಯಲ್ಲಿಯೂ ಈ ಭೇದವುಂಟು. ತೊಡಕು ಬರುವುದು ಚಳಿಯ ವಿಷಯದಲ್ಲಿ. ಕನ್ನಡದಲ್ಲಿ ಎರಡು ಅರ್ಥಕ್ಕೂ ‘ಚಳಿಯಿತ್ತು’ ಎಂದರೆ ಸಾಕು. ಸ್ಪಾನಿಷಿನಲ್ಲಾದರೋ ಚಳಿಗೆ ‘ಮಾಡು’ ಎಂಬ ಕ್ರಿಯಾಪದ. ಮಾಡುವ ಕರ್ತೃ ಮಾತ್ರ ಯಾರೂ ಇಲ್ಲ! ‘ಆಗ ಚಳಿಯಿತ್ತು, ಬಾಗಿಲು ತಟ್ಟಿದ ಸದ್ದಾಯಿತು’ ಎಂದು ಕಥೆ ಹೇಳುವವನು ‘ಅಥೀಯಾ ಫ್ರೀಯೋ’ ಎನ್ನಬೇಕು. ‘ನಿನ್ನೆ ದಿನವೆಲ್ಲ ಚಳಿಯಿತ್ತು’ ಎಂದು ದಿನದ ಲೆಕ್ಕವನ್ನು ಮುಗಿಸುವವನು ‘ಇಥೋ ಫ್ರೀಯೋ’ ಎನ್ನಬೇಕು.

ಬಹುಕಾಲ ನಡೆದುದಕ್ಕೆಲ್ಲ ಎರಡನೆಯ ರೂಪವೆಂದು ಕಲಿಯುವವರು ಭ್ರಮಿಸುವುದುಂಟು. ಅದು ಸಲ್ಲದು. ಎಂಟು ಗಂಟೆ ಸುರಿದ ಮಳೆಯೂ ‘ಯೋವಿಯೋ’ ಎಂಬುದಕ್ಕೇ ಸೇರುತ್ತದೆ. ಏಕೆಂದರೆ ಎಂಟು ಗಂಟೆಯೆಂದೊಡನೆ ಅದಕ್ಕೆ ಮೇರೆ ಬಿದ್ದಿತು. ಕಾಲದ ಉದ್ದವಲ್ಲ, ಅದರ ಮೇರೆಯೇ ಇಲ್ಲಿ ನಿರ್ಣಾಯಕ.

ಈ ಭೇದ ಬರಿಯ ವ್ಯಾಕರಣವಲ್ಲವೆಂಬುದಕ್ಕೆ 2024ರ ಅಕ್ಟೋಬರ್ 29 ಸಾಕ್ಷಿ. ಸ್ಪೇನಿನ ವಲೆನ್ಸಿಯಾ ಪ್ರಾಂತದ ಒಳನಾಡಿನಲ್ಲಿರುವ ಚೀವಾ ಊರಿನಲ್ಲಿ ಅಂದು 8 ಗಂಟೆಗಳೊಳಗೆ ಸುಮಾರು 490 ಮಿಲಿಮೀಟರ್ ಮಳೆ ಸುರಿಯಿತು. ಆ ನೀರು ಪೋಯೋ ಹಳ್ಳವನ್ನು ತುಂಬಿ, ಕೆಳಗಿನ ಪೈಪೋರ್ತಾ ಪಟ್ಟಣಕ್ಕೆ ಸಂಜೆಯ ಹೊತ್ತಿಗೆ ನುಗ್ಗಿತು. ಅಲ್ಲಿ ಆಗ ಮಳೆಯಿರಲಿಲ್ಲ. ನೆಲಮಾಳಿಗೆಯಿಂದ ಕಾರನ್ನು ಮೇಲೆ ತರಲು ಇಳಿದವರಲ್ಲಿ ಹಲವರು ಮರಳಲಿಲ್ಲ. ಜನರ ದೂರವಾಣಿಗಳಿಗೆ ಎಚ್ಚರಿಕೆ ಬಂದುದು ರಾತ್ರಿ 8 ಗಂಟೆ 11 ನಿಮಿಷಕ್ಕೆ. ಅಷ್ಟರಲ್ಲಿ ಬೀದಿಗಳೇ ಹೊಳೆಯಾಗಿದ್ದವು. ಆ ಪ್ರಾಂತವೊಂದರಲ್ಲಿಯೇ 220ಕ್ಕೂ ಹೆಚ್ಚು ಮಂದಿ ಮಡಿದರು.

‘ನೋ ಯೋವೀಯಾ ಕ್ವಾಂದೋ ಯೆಗೋ ಎಲ್ ಆಗ್ವಾ’ — ನೀರು ಬಂದಾಗ ಮಳೆ ಸುರಿಯುತ್ತಿರಲಿಲ್ಲ. ಪೈಪೋರ್ತಾದ ಆ ಸಂಜೆಯನ್ನು ಹೇಳಲು ಒಂದೇ ವಾಕ್ಯದಲ್ಲಿ ಎರಡು ಭೂತಕಾಲಗಳೂ ಬೇಕು. ಶಾಂತವಾಗಿದ್ದ ಆಕಾಶಕ್ಕೆ ಒಂದು. ಬಂದೇಬಿಟ್ಟ ನೀರಿಗೆ ಇನ್ನೊಂದು.