ಬಿಸಿಯಾದ ಮೋಟಾರಿನ ಹಟ

ಹಳೆಯ ಮೋಟಾರುಗಾಡಿಯನ್ನು ಮನೆಯ ಹಿರಿಯರಂತೆ ಜೋಪಾನಮಾಡಿಕೊಂಡು ಬಂದಿರುವ ಕುಟುಂಬಗಳು ನಮ್ಮ ನಾಡಿನಲ್ಲಿ ಇನ್ನೂ ಉಂಟು. ಬೇಸಗೆಯು ಬಂದೊಡನೆ ಅಂಥ ಮನೆಗಳಲ್ಲಿ ಒಂದು ದೂರು ಕೇಳಿಬರುವುದು. ಮುಂಜಾನೆ ಕೊಟ್ಟಿಗೆಯಿಂದ ಹೊರಡಿಸುವಾಗ ಗಾಡಿಯು ಒಂದೇ ಕರೆಗೆ ಓಗೊಡುತ್ತದೆ. ಹತ್ತಾರು ಮೈಲಿ ಓಡಿ, ಕಾಲುಗಂಟೆ ನಿಂತು, ಮರಳಿ ಹೊರಡಿಸಹೋದರೆ ಮಾತ್ರ ಹಟ ಹಿಡಿಯುತ್ತದೆ. ಯಂತ್ರವಿದ್ಯೆಯು ನಮ್ಮ ಪಾಠಶಾಲೆಯ ವಿಷಯವಾಗಿರಲಿಲ್ಲವಾದರೂ, ಕಾರ್ಯಕಾರಣವಿಚಾರವು ಸಕಲ ಶಾಸ್ತ್ರಗಳಿಗೂ ಸಮಾನವಾದುದರಿಂದ, ಈ ತಿಂಗಳು ಆ ಹಟದ ಮೂಲವನ್ನು ವಾಚಕರೊಡನೆ ಶೋಧಿಸಬೇಕೆಂದಿದ್ದೇವೆ.

ಮೊದಲು ಒಂದು ಭೇದವನ್ನು ಮನಗಾಣಬೇಕು. ಕೀಲಿಯನ್ನು ತಿರುಗಿಸಿದಾಗ ಇಂಜಿನು ತಿರುಗದೆಯೇ ಇರುವುದು, ಇಲ್ಲವೆ ಏದುಸಿರು ಬಿಡುತ್ತ ಮೆಲ್ಲನೆ ತಿರುಗುವುದು ಒಂದು ರೋಗ. ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿರುವುದು ಬೇರೊಂದು ರೋಗ. ಮೊದಲನೆಯದರಲ್ಲಿ ಬ್ಯಾಟರಿ, ತಂತಿ, ಸ್ಟಾರ್ಟರುಗಳನ್ನು ಪರೀಕ್ಷಿಸಬೇಕು. ಎರಡನೆಯದರಲ್ಲಿ ಸ್ಟಾರ್ಟರು ತನ್ನ ಕೆಲಸವನ್ನು ಮಾಡಿಯಾಗಿದೆ. ಅಲ್ಲಿ ವಿಚಾರಿಸತಕ್ಕದ್ದು ಪೆಟ್ರೋಲನ್ನು, ಇಲ್ಲವೆ ಕಿಡಿಯನ್ನು.

ಈ ಭೇದವನ್ನು ಗಮನಿಸದಿದ್ದರೆ ಏನಾಗುವುದೆಂಬುದಕ್ಕೆ ನಮಗೆ ಪರಿಚಿತವಾದ ಮೈಸೂರಿನ ಒಂದು ಮನೆಯೇ ನಿದರ್ಶನ. ಅವರಲ್ಲಿ ಹಳೆಯ ಅಂಬಾಸಡರು ಗಾಡಿಯೊಂದುಂಟು. ನಂಜನಗೂಡಿಗೆ ಹೋಗಿ ದೇವರ ದರ್ಶನ ಮುಗಿಸಿ ಬರುವಷ್ಟರಲ್ಲಿ ಅದು ಹಟ ಹಿಡಿಯುತ್ತಿತ್ತು. ಬಹುಕಾಲದಿಂದ ಗಾಡಿ ನಡೆಸುತ್ತಿದ್ದ ಡ್ರೈವರು, “ಇಂಜಿನು ಚೆನ್ನಾಗಿಯೇ ತಿರುಗುತ್ತದೆ ಬುದ್ಧೀ, ಪೆಟ್ರೋಲಿನ ವಾಸನೆ ಬರುತ್ತದೆ” ಎಂದು ಹೇಳುತ್ತಲೇ ಇದ್ದನು. ಅವನ ಮಾತನ್ನು ಕೇಳಿದವರಿಲ್ಲ. ಕೈಗುಣವೇ ಕೆಟ್ಟದೆಂದು ಅವನನ್ನೇ ಆಡಿಕೊಂಡರು. ಗಾಡಿಯು ದುರಸ್ತಿಗೆ ಹೋಯಿತು. ಎರಡು ದಿನ ನೆರಳಿನಲ್ಲಿ ನಿಂತಿತು. ಹೊಸ ಸ್ಟಾರ್ಟರು ಬಂದಿತು. ಕೀಲಿ ತಿರುಗಿಸಿದೊಡನೆ ಇಂಜಿನು ಓಡಿತು. ಎಲ್ಲರಿಗೂ ಸಂತೋಷವಾಯಿತು. ಮರುವಾರ ನಂಜನಗೂಡಿನಲ್ಲಿ ಪುನಃ ಅದೇ ಕಥೆ! ಮನೆಯ ಅಜ್ಜಿಯವರು ದಾರಿಯಲ್ಲಿ ಸಿಕ್ಕಿಬೀಳುವ ಭಯದಿಂದ ಹೊರಗೆ ಹೋಗುವುದನ್ನೇ ಬಿಟ್ಟರು. ಡ್ರೈವರನ್ನು ಬಿಡಿಸುವ ಮಾತೂ ಬಂದಿತು.

ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧ ಕಲ್ಪಿಸುವುದನ್ನು ನಮ್ಮವರು ಕಾಕತಾಲೀಯವೆನ್ನುತ್ತಾರೆ. ಗಾಡಿಯು ಓಡಿದುದು ಹೊಸ ಸ್ಟಾರ್ಟರಿನಿಂದಲ್ಲ, ತಣ್ಣಗಾದುದರಿಂದ. ಇರುವಾಗ ಉಂಟಾಗಿ, ಇಲ್ಲದಿರುವಾಗ ಉಂಟಾಗದಿದ್ದರೆ ಮಾತ್ರ ಒಂದನ್ನು ಇನ್ನೊಂದರ ಕಾರಣವೆನ್ನಬಹುದೆಂಬುದು ಅನ್ವಯವ್ಯತಿರೇಕದ ನಿಯಮ. ಬಿಸಿಯಲ್ಲಿ ತೋರುವ ದೋಷವನ್ನು ಬಿಸಿಯಲ್ಲಿಯೇ ಪರೀಕ್ಷಿಸಬೇಕು. ಕೊನೆಗೆ ಹಾಗೆ ಪರೀಕ್ಷಿಸಿದಾಗ ಡ್ರೈವರಿನ ಮಾತೇ ದಿಟವಾಯಿತು. ಅವನ ಕೆಲಸವೂ ಉಳಿಯಿತು.

ಪೆಟ್ರೋಲು ಹೀಗೇಕೆ ಮಾಡುವುದು? ಆ ಇಂಜಿನಿನಲ್ಲಿ ಕಾರ್ಬುರೇಟರೂ ಹೊಗೆ ಹೊರಡುವ ಕೊಳವೆಗಳೂ ಒಂದೇ ಪಕ್ಕದಲ್ಲಿವೆ. ಓಡುವಾಗ ಬೀಸಣಿಗೆಯ ಗಾಳಿಯೂ ಸುತ್ತುವ ನೀರೂ ಕಾವನ್ನು ಹೊತ್ತೊಯ್ಯುತ್ತವೆ. ನಿಲ್ಲಿಸಿದೊಡನೆ ಎರಡೂ ನಿಲ್ಲುತ್ತವೆ. ಕಬ್ಬಿಣದಲ್ಲಿ ಅಡಗಿದ್ದ ಕಾವು ಮೇಲಕ್ಕೇರುತ್ತದೆ. ಆದಕಾರಣ ನಿಂತ ಕೆಲವು ನಿಮಿಷಗಳಲ್ಲಿ ಬಾನೆಟ್ಟಿನ ಒಳಗಣ ಶಾಖವು ಓಡುವಾಗ ಇದ್ದುದಕ್ಕಿಂತಲೂ ಹೆಚ್ಚುವುದು. ಪೆಟ್ರೋಲಾದರೋ ಹಲವು ದ್ರವಗಳ ಮಿಶ್ರಣ. ಅದರ ಹಗುರಾದ ಅಂಶಗಳು 40 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತವೆ. ಕಾರ್ಬುರೇಟರಿನ ಬಟ್ಟಲಿನಲ್ಲಿ ಕುದಿದರೆ, ಹಾಲುಕ್ಕಿದಂತೆ ಉಕ್ಕಿ ಇಂಜಿನಿನೊಳಕ್ಕೆ ಹರಿದು ಉಸಿರುಕಟ್ಟಿಸುತ್ತದೆ. ಕೊಳವೆಯಲ್ಲಿಯೋ ಪಂಪಿನಲ್ಲಿಯೋ ಆವಿಯಾದರೆ, ಪಂಪು ಆವಿಯನ್ನೇ ಹಿಂಡುತ್ತ ಪೆಟ್ರೋಲನ್ನು ಕಳುಹಿಸದೆ ಹೋಗುತ್ತದೆ.

ಇವೆರಡಕ್ಕೂ ಗುರುತು ಸುಲಭ. ಘಾಟು ಹೊಡೆದು, ಬಿಚ್ಚಿದ ಪ್ಲಗ್ಗು ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚಾಗಿದೆ: ಆಕ್ಸಿಲರೇಟರನ್ನು ಪದೇಪದೇ ತುಳಿಯದೆ, ಒಮ್ಮೆ ಮೆಲ್ಲನೆ ಪೂರ್ತಿ ಒತ್ತಿ ಹಿಡಿದು ತಿರುಗಿಸತಕ್ಕದ್ದು. ಪ್ಲಗ್ಗು ಒಣಗಿದ್ದರೆ ಪೆಟ್ರೋಲು ಬಂದಿಲ್ಲ: ಬಾನೆಟ್ಟನ್ನೆತ್ತಿ ಕಾಯುವುದು, ಪಂಪಿನ ಮೇಲೆ ಒದ್ದೆ ಬಟ್ಟೆಯನ್ನು ಹಾಸುವುದು. ಶಾಶ್ವತ ಪರಿಹಾರಕ್ಕೆ ಕೊಳವೆಯನ್ನು ಕಾವಿನಿಂದ ದೂರ ಸರಿಸಿ, ಕಾರ್ಬುರೇಟರಿನ ಕೆಳಗೆ ಶಾಖ ತಡೆಯುವ ತಗಡನ್ನೂ ದಪ್ಪನೆಯ ಬಿಲ್ಲೆಯನ್ನೂ ಕೂಡಿಸಬೇಕು. ಪೆಟ್ರೋಲು ಸರಿಯಾಗಿದ್ದರೆ, ಕಾದಾಗ ಕಿಡಿಯನ್ನು ಕುಗ್ಗಿಸುವ ಕಾಯಿಲು, ಕಂಡೆನ್ಸರುಗಳನ್ನು ಶಂಕಿಸಬೇಕು.

ಇನ್ನು ಇಂಜಿನೇ ತಿರುಗದ ರೋಗ. 1911ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗನು ವಿದ್ಯುತ್ತಿನ ಸ್ಟಾರ್ಟರನ್ನು ಬಳಕೆಗೆ ತಕ್ಕಂತೆ ರೂಪಿಸಿದನು. 1912ರ ಕ್ಯಾಡಿಲಾಕ್ ಗಾಡಿಗಳಲ್ಲಿ ಅದು ಬಂದಿತು. ಅದಕ್ಕೆ ಮುಂಚೆ ಹ್ಯಾಂಡಲು ತಿರುಗಿಸುವಾಗ ಇಂಜಿನು ಹಿಂದಕ್ಕೊದೆದು ಎಷ್ಟೋ ಮಂದಿಯ ಮಣಿಕಟ್ಟು ಮುರಿಯುತ್ತಿತ್ತು. ಈ ಉಪಕಾರಿಯು ತಿರುಗಿಸುವಾಗ ನೂರಾರು ಆಂಪಿಯರುಗಳಷ್ಟು ವಿದ್ಯುತ್ತನ್ನು ಸೆಳೆಯುತ್ತದೆ. 150 ಆಂಪಿಯರು ಹರಿಯುವ ದಾರಿಯಲ್ಲಿ ಕಿಲುಬಿನಿಂದ 0.01 ಓಮಿನಷ್ಟು ತಡೆ ಸೇರಿದರೂ 1.5 ವೋಲ್ಟು ಅಲ್ಲಿಯೇ ನಷ್ಟ. ಎಂದರೆ 12 ವೋಲ್ಟಿನಲ್ಲಿ ಎಂಟನೆಯ ಒಂದು ಪಾಲು. ತಾಮ್ರವು 60 ಡಿಗ್ರಿಯಷ್ಟು ಹೆಚ್ಚು ಕಾದರೆ ಅದರ ತಡೆಯೂ ಹೆಚ್ಚುಕಡಮೆ ಕಾಲುಭಾಗ ಏರುತ್ತದೆ. ತಣ್ಣಗಿದ್ದಾಗ ಹೇಗೋ ನಿಭಾಯಿಸಿದ ದುರ್ಬಲ ಸಂಪರ್ಕವು ಕಾದಾಗ ಸೋಲುವುದು ಇದರಿಂದಲೇ. ಇಂಜಿನು ರಬ್ಬರಿನ ಮೇಲೆ ಕುಳಿತಿರುವುದರಿಂದ, ಅದನ್ನು ಗಾಡಿಯ ಮೈಗೆ ಜೋಡಿಸುವ ಎರ್ತ್ ಪಟ್ಟಿಯನ್ನು ಮೊದಲು ಉಜ್ಜಿ ಬಿಗಿಯಬೇಕು. ಬ್ಯಾಟರಿಯೂ ತಂತಿಗಳೂ ಸರಿಯಾಗಿದ್ದು, ಬಿಸಿಯಲ್ಲಿ ಸ್ಟಾರ್ಟರು ಇನ್ನೂ ಸೋತರೆ ಮಾತ್ರ ಅದರ ಸವೆದ ಬುಷ್ಷು, ಬ್ರಷ್ಷುಗಳನ್ನು ನೋಡಿಸಿ, ದುರಸ್ತಿ ಸಾಧ್ಯವಿಲ್ಲದಿದ್ದರೆ ಬದಲಾಯಿಸತಕ್ಕದ್ದು.

ಬದಲಾಯಿಸುವ ಕ್ರಮ ಹೀಗೆ: ಚಕ್ರಗಳಿಗೆ ಅಡ್ಡೆ ಕೊಟ್ಟು, ಬ್ಯಾಟರಿಯ ಎರ್ತ್ ತಂತಿಯನ್ನು ಎಲ್ಲಕ್ಕಿಂತ ಮೊದಲು ಬಿಚ್ಚಬೇಕು, ಕೂಡಿಸುವಾಗ ಅದೇ ಕೊನೆಯದು. ಗಾಡಿಯ ಅಡಿಗೆ ಹೋಗಬೇಕಾದರೆ ಬರಿಯ ಜಾಕಿಯನ್ನು ನಂಬದೆ ಗಟ್ಟಿ ಸ್ಟ್ಯಾಂಡುಗಳನ್ನು ಇಡಬೇಕು. ಸ್ಟಾರ್ಟರಿನ ದಪ್ಪ ತಂತಿಯನ್ನು ಕಳಚಿ, ಬೋಲ್ಟುಗಳನ್ನು ಬಿಚ್ಚುವಾಗ ಅದರ ಭಾರವನ್ನು ಕೈಯಲ್ಲಿ ಆತುಕೊಂಡಿರಬೇಕು. ಹೊಸತರ ಹಲ್ಲುಗಳ ಎಣಿಕೆಯನ್ನೂ ತಿರುಗುವ ದಿಕ್ಕನ್ನೂ ಹಳೆಯದರೊಡನೆ ಹೋಲಿಸಬೇಕು. ಫ್ಲೈವೀಲಿನ ಹಲ್ಲುಗಳನ್ನು ಸುತ್ತಲೂ ನೋಡಬೇಕು. ಅವು ಸವೆದಿದ್ದರೆ ಹೊಸ ಸ್ಟಾರ್ಟರೂ ಬೇಗ ಕೆಡುತ್ತದೆ. ಸ್ಟಾರ್ಟರು ಕುಳಿತುಕೊಳ್ಳುವ ಮುಖವನ್ನು ಹೊಳೆಯುವಂತೆ ಒರಸಬೇಕು, ಏಕೆಂದರೆ ವಿದ್ಯುತ್ತು ಹಿಂದಿರುಗುವ ದಾರಿಯೂ ಅದೇ. ಒಮ್ಮೆಗೆ ಹತ್ತು ಸೆಕೆಂಡುಗಳಿಗಿಂತ ಹೆಚ್ಚು ಕೀಲಿ ಒತ್ತದೆ, ನಡುನಡುವೆ ಬಿಡುವು ಕೊಡಬೇಕು.

ಕಡೆಯದಾಗಿ ಒಂದು ಎಚ್ಚರಿಕೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡ 20ರಷ್ಟು ಎಥನಾಲು ಬೆರೆತ ಪೆಟ್ರೋಲನ್ನು ಬಿಡುಗಡೆಮಾಡಿದರು. ಎಥನಾಲು ಹಳೆಯ ಕಾಲದ ರಬ್ಬರಿಗೆ ಒಗ್ಗದು. ಹಳೆಯ ನಳಿಕೆಗಳು ಮೆತ್ತಗಾಗಿ ಇಲ್ಲವೆ ಬಿರಿದು ಸೋರಬಹುದು. ಕಾದ ಕಬ್ಬಿಣದ ಮೇಲೆ ಸೋರಿದ ಪೆಟ್ರೋಲು ಹಟಕ್ಕೆ ಮಾತ್ರವಲ್ಲ, ಬೆಂಕಿಗೂ ಕಾರಣ. ಆದುದರಿಂದ ಘಾಟು ಬಂದಾಗ ಮೊದಲು ಸೋರಿಕೆಯನ್ನು ನೋಡಿ. ಸೋರುತ್ತಿದ್ದರೆ ಕೀಲಿಯನ್ನು ಮುಟ್ಟದೆ ಮಕ್ಕಳುಮರಿಗಳನ್ನು ಗಾಡಿಯಿಂದ ಇಳಿಸಿರಿ. ಸೋರದಿದ್ದರೆ ಕಾದ ಗಾಡಿಯ ಬಳಿ ಕಿವಿಗೊಟ್ಟು ನಿಂತು, ತಿರುಗುತ್ತದೆಯೋ ಇಲ್ಲವೋ ಎಂಬುದೊಂದನ್ನು ನಿಶ್ಚಯಿಸಿಕೊಂಡು, ಆಮೇಲೆ ಹಣದ ಚೀಲವನ್ನು ಬಿಚ್ಚಿರಿ.